ಹೆಲ್ಮೆಟ್ ತೆಗೆದ ಇರ್ಸಾ

ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಲೆನಿನ್ ಎಂದೂ ಇನ್ನೊಬ್ಬನಿಗೆ ವಾಷಿಂಗ್ಟನ್ ಎಂದೂ ಹೆಸರಿಟ್ಟರೆ ಆ ಮನೆಯಲ್ಲಿ ಊಟ ಹೇಗೆ ಸದ್ದಿಲ್ಲದೆ ನಡೆದೀತು? ನಮ್ಮ ಬಂದರು ಊರು ಗ್ವಾಯಾಕಿಲ್‌ನಲ್ಲಿ ಇಂಥ ಹೆಸರುಗಳು ಹೊಸವೇನಲ್ಲ. ನಾನು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ನನ್ನ ಕಂಡಕ್ಟರ್ ಹೆಸರು ನೆಪೋಲಿಯನ್. ಚಿಲ್ಲರೆ ಕೊಡುವ ವಿಷಯದಲ್ಲಿ ಅವನು ಎಂದೂ ಸೋತವನಲ್ಲ. ಈ ಅಣ್ಣತಮ್ಮಂದಿರ ಅಪ್ಪ ಮಕ್ಕಳು ಹುಟ್ಟಿದ ದಿನ ರೇಡಿಯೋದಲ್ಲಿ ಯಾವ ಹೆಸರು ಕೇಳಿತೋ ಅದನ್ನೇ ಇಟ್ಟುಬಿಡುತ್ತಿದ್ದ. ಮೂರನೆಯದು ಹುಟ್ಟುವ ಹೊತ್ತಿಗೆ ಪುಣ್ಯಕ್ಕೆ ರೇಡಿಯೋ ಕೆಟ್ಟಿತ್ತು. ಆ ಹುಡುಗಿ ರೋಸಾ ಆಗಿ ನೆಮ್ಮದಿಯಿಂದ ಬೆಳೆದಳು.

ನಾನು ಹೇಳಹೊರಟಿದ್ದು ಇವರ ಕತೆಯನ್ನಲ್ಲ, ಇವರ ದೊಡ್ಡಮ್ಮ ಔರಿಸ್ತೇಲಾಳ ಕತೆಯನ್ನು. ಆದರೆ ಇವರಿಬ್ಬರು ಇಲ್ಲದಿದ್ದರೆ ಆ ಕತೆಯೇ ಇಲ್ಲ.

ಔರಿಸ್ತೇಲಾ ಕಿಮಿ ನನ್ನ ಪಕ್ಕದ ಮನೆಯವಳು. ಕುಳ್ಳಿ. ಗಂಟಲು ಮಾತ್ರ ಹಡಗಿನ ಸೈರನ್. ವರ್ಷದ ಕೊನೆಗೆ ನಮ್ಮೂರಲ್ಲಿ ಕಾಗದದ ಗೊಂಬೆ ಮಾಡಿ, ಹಳೆಯ ವರ್ಷ ಎಂದು ಹೆಸರಿಟ್ಟು, ಬೀದಿಯಲ್ಲಿ ಸುಡುತ್ತಾರಲ್ಲ, ಆ ಗೊಂಬೆ ಮಾಡುವುದೇ ಅವಳ ಕಸುಬು. ಸಣ್ಣವನ್ನು ಎಲ್ಲರೂ ಮಾಡುತ್ತಾರೆ. ಅವಳು ಮಾಡುವುದು ದೈತ್ಯ ಗೊಂಬೆಗಳನ್ನು, ಮೂರು ಮಾಳಿಗೆ ಎತ್ತರದವನ್ನು. ಬಿದಿರಿನ ಚೌಕಟ್ಟು, ಅದರ ಮೇಲೆ ಸಿಮೆಂಟ್ ಚೀಲದ ಕಾಗದ, ಅದರ ಮೇಲೆ ಹಳೆಯ ಪತ್ರಿಕೆ, ಗಂಜಿಯ ಅಂಟು, ಬಣ್ಣ. ಒಂದು ವರ್ಷ ಅವಳ ಗೊಂಬೆಯ ನೆರಳು ಎಷ್ಟು ಉದ್ದ ಬಿದ್ದಿತೆಂದರೆ, ಹಿಂದಿನ ಬೀದಿಯ ಕೋಳಿಗಳು ಮಧ್ಯಾಹ್ನವೇ ಗೂಡು ಸೇರಿದವು. ಇನ್ನೊಂದು ವರ್ಷ ಗಾಳಿಗೆ ಒಂದು ಕಾಲು ಕಳಚಿ ಹಿನ್ನೀರಿಗೆ ಬಿತ್ತು. ಮೀನುಗಾರನೊಬ್ಬ ವಾರವಿಡೀ ಅದನ್ನೇ ದೋಣಿ ಮಾಡಿಕೊಂಡು ಬಲೆ ಬೀಸಿದ. ನಂಬದಿದ್ದರೆ ಬಿಡಿ. ಮೀನು ತಿಂದವನು ನಾನು.

ಜಗತ್ತಿನ ಬೇರೆ ಕಡೆ ಬೇಡದವರನ್ನು ಮಾತ್ರ ಸುಡುತ್ತಾರಂತೆ. ನಮ್ಮಲ್ಲಿ ಇಷ್ಟವಾದವರನ್ನೂ ಸುಡುತ್ತೇವೆ. ಫುಟ್ಬಾಲ್ ಆಟಗಾರರು, ಸಿನಿಮಾದ ನಾಯಕರು, ರೋಬೋಟುಗಳು, ಎಲ್ಲರೂ ಡಿಸೆಂಬರ್ ಪೂರ್ತಿ ಬೀದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಕೊನೆಗೆ ಬೂದಿಯಾಗುತ್ತಾರೆ. ಅದರಲ್ಲಿ ಅವಮಾನವಿಲ್ಲ. ವರ್ಷ ಮುಗಿಯಿತು, ಅವರೂ ಮುಗಿದರು, ಅಷ್ಟೆ.

ಈಗ ಸಿನಿಮಾದ ವಿಷಯಕ್ಕೆ ಬರೋಣ. 'ತಾಮ್ರದ ಚಂದ್ರ' ಎಂದು ಮೂರು ಭಾಗದ ಚಿತ್ರ. ಯಾವುದೋ ಚಂದ್ರನ ಮೇಲೆ ತಾಮ್ರದ ಗಣಿ. ಅಲ್ಲಿ ಕೆಲಸದವರಿಗೆ ಉಸಿರಾಡುವ ಗಾಳಿಯನ್ನೂ ಅಳೆದು ಕೊಡುತ್ತಾರೆ. ಕೊಡುವವನು ಕಪ್ಪು ಹೆಲ್ಮೆಟ್ ಹಾಕಿಕೊಂಡ ಗವರ್ನರ್. ಮೊದಲ ಭಾಗದಲ್ಲಿ ಇರ್ಸಾ ಎಂಬ ಗಣಿ ಹೆಂಗಸು ಗಾಳಿಯ ಕೊಳಾಯಿಗಳನ್ನೆಲ್ಲ ಒಡೆದು ಎಲ್ಲರಿಗೂ ಬಿಡುತ್ತಾಳೆ. ಎರಡನೆಯದರಲ್ಲಿ ಯುದ್ಧ. ಮೂರನೆಯದರ ಕೊನೆಯಲ್ಲಿ ಅವಳೇ ಗವರ್ನರ್ ಕುರ್ಚಿಯಲ್ಲಿ ಕೂತು, ಅದೇ ಕಪ್ಪು ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಳ್ಳುತ್ತಾಳೆ. ಪರದೆ ಕತ್ತಲೆ. ಮುಗಿಯಿತು.

ಕೆಲವು ಮುದುಕಿಯರನ್ನು ಬಿಟ್ಟರೆ ಇಡೀ ಬೀದಿ ಒಟ್ಟಿಗೆ ಹೋಗಿ ನೋಡಿದ್ದೆವು. ಬರುವಾಗ ಬಸ್ಸಿನಲ್ಲೇ ಎರಡು ಪಕ್ಷವಾಗಿತ್ತು. ನಾನು ನಡುವೆ ನಿದ್ದೆ ಹೋಗಿದ್ದರಿಂದ ಅದು ಏರ್ ಕಂಡೀಷನರ್ ಕೆಟ್ಟವರ ಕತೆ ಎಂದುಕೊಂಡಿದ್ದೆ. ಟಾಕೀಸಿನಲ್ಲೂ ಅಷ್ಟೇ ಸೆಖೆಯಿತ್ತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ವಾಷಿಂಗ್ಟನ್ ಪ್ರಕಾರ ಮೂರನೆಯ ಭಾಗ ದ್ರೋಹ. ಬಡವರು ಎದ್ದು ನಿಂತರೆ ಕೊನೆಗೆ ಅವರೂ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ, ಆದ್ದರಿಂದ ಸುಮ್ಮನೆ ಕೂತಿರಿ ಎಂದು ದುಡ್ಡಿದ್ದವರು ಹೇಳಿಸಿದ ಪಾಠ ಅದು. ಇರ್ಸಾ ಹೆಲ್ಮೆಟ್ ಹಾಕಿಕೊಂಡೇ ಇಲ್ಲ, ನಿಜವಾದ ಕತೆ ಎರಡನೇ ಭಾಗಕ್ಕೆ ಮುಗಿಯಿತು ಎಂದು ಅವನ ವಾದ. ಅವನಿಗೆ ಅಷ್ಟು ಉರಿಯಲು ಕಾರಣವಿತ್ತು. ಅವನು ಬಜಾರಿನಲ್ಲಿ ಫೋನಿನ ಕವರು ಮಾರುವವನು. ಬೀದಿ ವ್ಯಾಪಾರಿಗಳ ಸಂಘ ಕಟ್ಟಲು ಯಾವನ ಹಿಂದೆ ಗಂಟಲು ಹರಿದುಕೊಂಡಿದ್ದನೋ, ಅವನೇ ಈಗ ಅಧ್ಯಕ್ಷನಾಗಿ ಬಾಗಿಲು ಮುಚ್ಚಿಕೊಂಡು ಕೂತಿದ್ದ. ವಾಷಿಂಗ್ಟನ್‌ಗೆ ಆ ಕೊನೆಯ ದೃಶ್ಯ ನೋಡಲು ಸಿನಿಮಾ ಟಿಕೆಟ್ಟು ಬೇಕಿರಲಿಲ್ಲ.

ಲೆನಿನ್‌ದು ಇನ್ನೊಂದು ಕಷ್ಟ. ಮೂರು ಗಾಲಿಯ ಬಾಡಿಗೆ ಬಂಡಿ ಓಡಿಸುವ ಅವನು ಹುಟ್ಟಿದಾಗಿನಿಂದ ಹೆಸರು ಹೇಳಿದಲ್ಲೆಲ್ಲ ರಾಜಕೀಯ ಮಾತಾಡಬೇಕಾಗಿ ಬಂದವನು. ಶಾಲೆಯಲ್ಲಿ, ಸಲೂನಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಕೂತಾಗಲೂ. ಸಿನಿಮಾ ಒಂದೇ ಅವನು ನೆಮ್ಮದಿಯಾಗಿ ಕೂರುವ ಜಾಗ. ಹೆಲ್ಮೆಟ್ ಹಾಕಿಕೊಂಡಳು, ಚೆನ್ನಾಗಿ ಕಾಣಿಸಿತು, ಸಂಗೀತ ಬಂತು, ಎದ್ದು ಬಂದೆವು. ಅದರೊಳಗೆ ರಾಜಕೀಯ ತುರುಕುವವರು ಮನೆಯಲ್ಲೇ ಕೂತು ಭಾಷಣ ಕೇಳಲಿ ಎಂದು ಅವನ ಮಾತು.

ಇಬ್ಬರೂ ಸೇರಿ ಕಟ್ಟಿದ ಅಭಿಮಾನಿ ಸಂಘವೊಂದಿತ್ತು. ಭಾನುವಾರ ಔರಿಸ್ತೇಲಾಳ ಹಿತ್ತಲಲ್ಲಿ, ಮಾವಿನ ಮರದಡಿ, ಬಕೆಟ್ಟಿಗೆ ಕಪ್ಪು ಬಣ್ಣ ಬಳಿದು ಮಾಡಿದ ಹೆಲ್ಮೆಟ್ಟುಗಳನ್ನು ಹಾಕಿಕೊಂಡು ಸೇರುತ್ತಿದ್ದರು. ಆ ವರ್ಷದ ದೈತ್ಯ ಗೊಂಬೆ ಇರ್ಸಾಳದೇ ಆಗಬೇಕೆಂದು ಎಲ್ಲರೂ ಒಪ್ಪಿದರು. ಒಪ್ಪಿಗೆ ಅಲ್ಲಿಗೇ ನಿಂತಿತು. ಹೆಲ್ಮೆಟ್ ಇರಬೇಕೋ ಬೇಡವೋ? ಕೈ ಎತ್ತಿಸಿದರು, ಸರಿಸಮ. ಮತ್ತೆ ಎತ್ತಿಸಿದರು, ಮತ್ತೆ ಸರಿಸಮ. ಬಕೆಟ್ಟಿನೊಳಗಿಂದ ಬೈದಾಡಿದ್ದರಿಂದ ಯಾರು ಯಾರನ್ನು ಬೈದರೆಂದು ಯಾರಿಗೂ ಗೊತ್ತಾಗಲಿಲ್ಲ.

ಔರಿಸ್ತೇಲಾ ಅಂಟು ಕಲಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಸುಮ್ಮನಿದ್ದರೆ ನಾನು ಕಿಟಕಿ ಮುಚ್ಚುತ್ತೇನೆ. ಸಿಡಿಯುವುದು ಅದಾದ ಮೇಲೆ.

ಗೊಂಬೆ ಮಾಡುವವರು ಕಾಲಿನಿಂದ ಶುರು ಮಾಡಿ ತಲೆಗೆ ಬರುತ್ತಾರೆ. ಅವಳು ಮಾತ್ರ ತಲೆಯಿಂದ ಶುರು ಮಾಡುವವಳು. ಮುಖ ಸಿಕ್ಕಿದ ಮೇಲೆ ಮೈ ತಾನಾಗಿ ಬರುತ್ತದೆ ಅನ್ನುತ್ತಾಳೆ. ಡಿಸೆಂಬರ್ ಮೊದಲ ಭಾನುವಾರ ಸಂಘದವರನ್ನೆಲ್ಲ ಕರೆದು, ಹಿತ್ತಲಲ್ಲಿ ಇಟ್ಟಿದ್ದ ತಲೆಯ ಮೇಲಿನ ದುಪ್ಪಟಿ ಎಳೆದಳು.

ಲೆನಿನ್‌ನ ಬಂಡಿ ಗಾತ್ರದ ತಲೆ. ಹೆಲ್ಮೆಟ್ ಇರಲಿಲ್ಲ. ವಾಷಿಂಗ್ಟನ್ ಕಡೆಯವರು ಚಪ್ಪಾಳೆ ಹೊಡೆಯಲು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಇರ್ಸಾಳ ಕೂದಲು ಬೆವರಿಗೆ ತಲೆಗಂಟಿ ಚಪ್ಪಟೆಯಾಗಿತ್ತು. ಹಣೆಯ ಮೇಲೆ ಅಂಚು ಒತ್ತಿದ ಗೆರೆ. ಎರಡೂ ಕಿವಿಯ ಮುಂದಿನಿಂದ ಇಳಿದು ಗದ್ದದ ಕೆಳಗೆ ಕೂಡುವ ಪಟ್ಟಿಯ ಗುರುತು, ಬೆರಳು ಕೂರುವಷ್ಟು ಆಳ. ಹೆಲ್ಮೆಟ್ ಹಾಕಿಕೊಂಡು ಬಹಳ ಕಾಲ ಇದ್ದು, ಈಗ ತಾನೇ ತೆಗೆದವಳ ಮುಖ ಅದು.

ವಾಷಿಂಗ್ಟನ್ ಮೊದಲು ಬಾಯಿ ಬಿಟ್ಟ. "ದೊಡ್ಡಮ್ಮ, ಅವಳು ಹಾಕ್ಕೊಂಡೇ ಇಲ್ಲ ಅಂತ ನಾವು ಹೇಳ್ತಿರೋದು. ನೀನು ಹಾಕಿಸಿಬಿಟ್ಟಿದ್ಯಲ್ಲ."

"ಹಾಕ್ಕೊಂಡ್ಳು. ನಾನೂ ಟಾಕೀಸಿಗೆ ಬಂದಿದ್ದೆ ಕಣೋ. ನಿನ್ನ ಹಾಗೆ ಕಣ್ಣು ಮುಚ್ಕೊಂಡಿರ್ಲಿಲ್ಲ."

ಲೆನಿನ್ ನಕ್ಕ. ಅವಳು ಅವನ ಕಡೆ ತಿರುಗಿದಳು. ಅವನ ನಗು ಜೇಬಿಗೆ ಹೋಯಿತು. ಆದರೂ ಕೇಳಿಯೇ ಬಿಟ್ಟ, ತೆಗೆಯುವ ದೃಶ್ಯ ಯಾವ ಭಾಗದಲ್ಲಿದೆ, ಸಿನಿಮಾದಲ್ಲಿ ಇಲ್ಲದ್ದನ್ನು ಮಾಡುವುದು ಅಭಿಮಾನವೇ ಎಂದು. ಅಷ್ಟು ಹೊತ್ತಿಗೆ ಎರಡೂ ಪಕ್ಷದವರು ಒಂದೇ ದನಿಯಲ್ಲಿ ಕೂಗುತ್ತಿದ್ದರು. ಇರ್ಸಾಳ ಗೊಂಬೆ ಬೇಕೆಂದು ಒಪ್ಪಿದ ಮೇಲೆ ಅವರು ಒಂದಾಗಿದ್ದು ಅದೇ ಮೊದಲು. ನಾಲ್ಕನೆಯ ಭಾಗ ಇನ್ನೂ ಬಂದಿಲ್ಲ, ಅದನ್ನು ಮಾಡಲು ಇವಳು ಯಾರು? ಗುರುತಿನ ಮೇಲೆ ಕಾಗದ ಅಂಟಿಸಿ ಬಣ್ಣ ಬಳಿ, ಆಮೇಲೆ ಹೆಲ್ಮೆಟ್ ವಿಷಯ ನಾವು ಜಗಳವಾಡಿಕೊಳ್ಳುತ್ತೇವೆ ಎಂದರು.

ಔರಿಸ್ತೇಲಾ ಕೈಯಲ್ಲಿದ್ದ ಅಂಟಿನ ಕೋಲನ್ನು ಡಬ್ಬಕ್ಕೆ ಚುಚ್ಚಿದಳು.

"ಈ ನೆಲ ಕೆಸರಾಗಿದ್ದಾಗ ನಮ್ಮಪ್ಪ ನಮ್ಮಮ್ಮ ಇಲ್ಲಿ ಬಿದಿರು ನೆಟ್ಟು ಗುಡಿಸಲು ಕಟ್ಟಿದ್ರು. ಮನೆಯಿಂದ ಮನೆಗೆ ಹಲಗೆ ಮೇಲೆ ನಡೀತಿದ್ವಿ. ಒಂದಿನ ಕಿತ್ತಾಕೋಕೆ ಪೊಲೀಸ್ನೋರು ಬಂದ್ರು, ಎಲ್ಲರ ತಲೆ ಮೇಲೂ ಹೆಲ್ಮೆಟ್ಟು. ಮುಖಾನೇ ಇರ್ಲಿಲ್ಲ ಅವ್ರಿಗೆ. ಅದ್ರಲ್ಲೊಬ್ಬ ನಡುವೆ ಹಲಗೆ ಮೇಲೆ ಕೂತ್ಬಿಟ್ಟ. ಕಾಲು ಕೆಳಗೆ ಬಿಟ್ಕೊಂಡು ಹೆಲ್ಮೆಟ್ ತೆಗೆದ. ಇಲ್ಲಿ, ಗದ್ದದ ಮೇಲೆ, ಕೆಂಪಗೆ ಬರೆ. ನಮ್ಮಮ್ಮನ ಹತ್ರ ನೀರು ಕೇಳ್ದ. ಕುಡಿದ. ಮೇಲಧಿಕಾರಿ ಕೂಗ್ತಾನೇ ಇದ್ದ, ಇವ್ನು ಮತ್ತೆ ಹಾಕ್ಕೊಳ್ಳಲೇ ಇಲ್ಲ."

"ಗುಡಿಸಲು ಉಳೀತಾ?" ಎಂದು ವಾಷಿಂಗ್ಟನ್ ಕೇಳಿದ.

"ಇಲ್ಲ. ಉಳಿದೋರು ಕಿತ್ರು. ಅವ್ನು ತೆಗೆದ ಅಂತ ನಮ್ಮ ಗುಡಿಸಲೇನೂ ಉಳೀಲಿಲ್ಲ. ಆದ್ರೆ ತೆಗೆದ. ತೆಗೆಯೋಕೆ ಆಗುತ್ತೆ ಅಂತ ನನ್ನ ಕಣ್ಣಾರೆ ನೋಡಿದೀನಿ. ನಿಮ್ಮ ಸಿನಿಮಾದೋರು ಅದಕ್ಕೆ ಮುಂಚೇನೇ ದೀಪ ಆರಿಸಿಬಿಟ್ರು, ಅದಕ್ಕೆ ನಾನೇನು ಮಾಡ್ಲಿ?"

ಈ ಕತೆಯನ್ನು ನಾನೂ ಬೇರೆಯವರಿಗೆ ಹೇಳಿದ್ದೇನೆ. ನಾನು ಹೇಳುವಾಗ, ಹಲಗೆಯ ಮೇಲೆ ಮಗುಚಿಟ್ಟ ಆ ಹೆಲ್ಮೆಟ್ಟಿನೊಳಗೆ ಅವರ ಕೋಳಿ ಹೋಗಿ ಮೊಟ್ಟೆ ಇಡುತ್ತದೆ. ಕೋಳಿ ಇರಲಿಲ್ಲ ಎಂದು ಔರಿಸ್ತೇಲಾ ಪ್ರತಿ ಸಲವೂ ಬೇಲಿಯಾಚೆಯಿಂದ ತಿದ್ದುತ್ತಾಳೆ. ಇರಬೇಕಿತ್ತು ಎಂದು ನಾನು ಹೇಳುತ್ತೇನೆ.

ಸಂಘದವರು ಮೆತ್ತಗಾಗಲಿಲ್ಲ. ಅಭಿಮಾನಿಗಳೆಂದರೆ ಹಾಗೆಯೇ, ದೇವರೇ ಬಂದು ತನ್ನ ಕತೆ ಹೀಗಲ್ಲ ಎಂದರೂ ಎರಡನೇ ಭಾಗ ನೋಡಿಕೊಂಡು ಬಾ ಎನ್ನುವವರು. ಅವರ ಕೈಯಲ್ಲಿ ಒಂದು ಅಸ್ತ್ರವೂ ಇತ್ತು. ನಮ್ಮ ಬೀದಿಯಲ್ಲಿ ದೈತ್ಯ ಗೊಂಬೆಯನ್ನು ಮಲಗಿಸಿ ಮಾಡುತ್ತಾರೆ; ಮುಗಿದ ಮೇಲೆ ಎರಡೂ ಕಡೆಯಿಂದ ಹಗ್ಗ ಹಾಕಿ, ಬೀದಿಗೆ ಬೀದಿಯೇ ಸೇರಿ ಎಳೆದು ನಿಲ್ಲಿಸಬೇಕು. ಒಂದು ಕಡೆಯವರು ಬಿಟ್ಟರೆ ಗೊಂಬೆ ಇನ್ನೊಂದು ಕಡೆಯವರ ಮೇಲೆ. ಇಲ್ಲಿ ಎರಡೂ ಕಡೆಯವರು ಬಿಟ್ಟರು. ಗುರುತು ಅಳಿಸುವ ತನಕ ಹಗ್ಗ ಮುಟ್ಟುವುದಿಲ್ಲ ಎಂದು ಹೇಳಿ, ಬಕೆಟ್ಟುಗಳನ್ನು ಎತ್ತಿಕೊಂಡು ಹೋದರು. ಮುಂದಿನ ಭಾನುವಾರ ನೆರಳಿಲ್ಲದ ಇನ್ನೊಂದು ಹಿತ್ತಲಲ್ಲಿ ಸೇರಿ, ಬಿಸಿಲಿಗೆ ಮೂಗು ಸುಲಿಸಿಕೊಂಡು ಬಂದರು.

ಎಲ್ಲರೂ ಅವಳು ಸೋತಳು ಎಂದುಕೊಂಡರು. ತಲೆಯೊಂದೇ ಹಿತ್ತಲಲ್ಲಿ ಕೂತಿತ್ತು, ಬೀದಿಯನ್ನೇ ನೋಡುತ್ತಾ. ಮಾರನೆಯ ದಿನ ಬೆಳಿಗ್ಗೆ ನಾನು ಈರುಳ್ಳಿ ಹಾಕಿದ ಮೀನಿನ ಸಾರು ಕುಡಿಯುತ್ತಾ ಜಗಲಿಯಲ್ಲಿ ಕೂತಿದ್ದೆ. ಔರಿಸ್ತೇಲಾ ಬೀದಿಯ ಎರಡೂ ಅಂಚಿನಲ್ಲಿ ಗುಂಡಿ ತೋಡುತ್ತಿದ್ದಳು. ಏನು ಹೂಳುತ್ತೀಯಾ ಎಂದೆ. "ಕಾಲು ನೆಡ್ತಿದೀನಿ ಹಸಿಂತೋ ತಾತ. ಮಲಗಿದ್ರೆ ತಾನೇ ಎಬ್ಬಿಸಬೇಕು? ನಾನು ನಿಂತ್ಕೊಂಡೇ ಇರೋಳನ್ನ ಮಾಡ್ತೀನಿ."

ನಮ್ಮ ಬೀದಿಯಲ್ಲಿ ಅಷ್ಟು ವರ್ಷದಿಂದ ಯಾರಿಗೂ ಇದು ಹೊಳೆದಿರಲಿಲ್ಲ. ಎರಡು ಬೂಟು, ಅದರ ಮೇಲೆ ಮೊಣಕಾಲು, ಅದರ ಮೇಲೆ ತೊಡೆ. ಬಿದಿರಿನ ಏಣಿ ಕಟ್ಟಿಕೊಂಡು ಅವಳು ಮೇಲೆ ಮೇಲೆ ಹೋದಳು. ಏಣಿ ಹಿಡಿಯುವುದು ನನ್ನ ಕೆಲಸ. ಗಂಜಿ ನನ್ನ ಬೋಳುತಲೆಯ ಮೇಲೆ ಎಷ್ಟು ಸುರಿಯಿತೆಂದರೆ, ಸಂಜೆಗೆ ಅದರ ಮೇಲೆ ಕಾಗದ ಅಂಟಿಸಿದ್ದರೆ ನಾನೂ ಗೊಂಬೆಯಾಗುತ್ತಿದ್ದೆ. ಲೆನಿನ್ ದಿನಾ ಬಂಡಿ ತೆಗೆದುಕೊಂಡು ಇರ್ಸಾಳ ಕಾಲ ಸಂದಿನಿಂದಲೇ ಹಾದು ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ಮೊದಲ ದಿನ ತಲೆ ತಗ್ಗಿಸಿ ಹೋದ. ಆಮೇಲೆ ಬಗ್ಗಿ ಅಂಟು ಒಣಗಿದೆಯೋ ನೋಡಿಕೊಂಡು ಹೋಗತೊಡಗಿದ. ವಾಷಿಂಗ್ಟನ್ ಬಜಾರಿನಿಂದ ಬರುವಾಗ ತಿರುವಿನಲ್ಲಿ ನಿಂತು ನೋಡುತ್ತಿದ್ದ. ನಾನು ಕೈ ಬೀಸಿದರೆ ಫೋನು ಬಂದವನಂತೆ ಕಿವಿಗೆ ಕೈ ಹಚ್ಚುತ್ತಿದ್ದ.

ಸೊಂಟ, ಎದೆ, ತೋಳು. ಕ್ರಿಸ್ಮಸ್ ಹತ್ತಿರ ಬರುವಾಗ ಇರ್ಸಾ ಕುತ್ತಿಗೆಯ ತನಕ ನಿಂತಿದ್ದಳು. ತಲೆ ಏರಿಸಬೇಕಿತ್ತು. ಅದನ್ನು ಹೊತ್ತು ಏಣಿ ಹತ್ತುವುದು ಯಾರಿಂದಲೂ ಆಗದ ಮಾತು. ಅವಳು ತುದಿಯ ಬಿದಿರಿಗೆ ಗಡಗಡೆ ಕಟ್ಟಿ ಹಗ್ಗ ಇಳಿಬಿಟ್ಟಳು. ಆ ಮಧ್ಯಾಹ್ನ ಸಂಘದವರೆಲ್ಲ ಕೈಕಟ್ಟಿ ಎರಡು ಕಡೆ ನಿಂತಿದ್ದರು. ಬಿದ್ದರೆ ನೋಡಬೇಕು ಎಂದು ಬಂದಿದ್ದರೋ, ಬೀಳದಿರಲಿ ಎಂದೋ, ಅವರ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಔರಿಸ್ತೇಲಾ ಅವರನ್ನು ಕರೆಯಲಿಲ್ಲ. ಹಗ್ಗದ ತುದಿ ಹಿಡಿದು ಒಂದು ಕೂಗು ಹಾಕಿದಳು. ಮನೆಗಳಿಂದ ಮುದುಕಿಯರು ಬಂದರು. ಒಬ್ಬಳು ಹುರಿಯುತ್ತಿದ್ದ ಬಾಳೆಕಾಯಿ ಬಿಟ್ಟು ಸೌಟಿನ ಸಮೇತ ಬಂದಳು. ಸಿನಿಮಾ ನೋಡಿದವರು ಅವರಲ್ಲಿ ಯಾರೂ ಇಲ್ಲ. ಇರ್ಸಾ ಯಾರು ಎಂದೂ ಗೊತ್ತಿಲ್ಲ. ಆದರೆ ಹಲಗೆಯ ಮೇಲೆ ನಡೆದವರು ಅವರು. ತಲೆಯನ್ನೊಮ್ಮೆ ನೋಡಿದರು, ಗದ್ದದ ಗುರುತಿಗೆ ಬೆರಳಿಟ್ಟು ಸವರಿದರು, ಹಗ್ಗ ಹಿಡಿದರು.

ತಲೆ ಏರಿತು. ಮಂಡಿ ದಾಟಿತು, ಎದೆ ದಾಟಿತು. ಭುಜದ ಹತ್ತಿರ ಹಗ್ಗ ಬಿದಿರಿನ ಗಣ್ಣಿಗೆ ಸಿಕ್ಕಿಕೊಂಡಿತು. ತಲೆ ನಡುಗಾಳಿಯಲ್ಲಿ ನಿಂತು ನಿಧಾನಕ್ಕೆ ಸುತ್ತತೊಡಗಿತು. ಒಂದು ಸಲ ಲೆನಿನ್ ಕಡೆಯವರನ್ನು ನೋಡುವುದು, ಒಂದು ಸಲ ವಾಷಿಂಗ್ಟನ್ ಕಡೆಯವರನ್ನು. ಅಷ್ಟು ದೊಡ್ಡ ಕಣ್ಣಿನಿಂದ ಯಾರಾದರೂ ನಿಮ್ಮನ್ನು ಸರದಿಯ ಪ್ರಕಾರ ನೋಡಿದ್ದಾರೆಯೇ? ಇಬ್ಬರು ಮೂವರು ಟೋಪಿ ತೆಗೆದರು.

ಔರಿಸ್ತೇಲಾ ಚಪ್ಪಲಿ ಬಿಟ್ಟು ಏಣಿ ಹತ್ತಿದಳು. ಏಣಿ ಮುಗಿದಲ್ಲಿಂದ ಬರಿಯ ಬಿದಿರು. ಅದನ್ನೂ ಹತ್ತಿ ಇರ್ಸಾಳ ಭುಜದ ಮೇಲೆ ಕೂತಳು. ಕೆಳಗಿನಿಂದ ನೋಡಿದರೆ ಹೆಗಲ ಮೇಲಿನ ಗಿಣಿಯಂತೆ ಕಾಣುತ್ತಿದ್ದಳು. ಹಗ್ಗ ಬಿಡಿಸಲು ಬಗ್ಗಿದಾಗ ಇಡೀ ಗೊಂಬೆ ಒಂದು ಕಡೆಗೆ ತೂಗಿತು. ಆಗ ಆ ಕಡೆಯ ಕಾಲಿನ ಬಿದಿರು ಕಂಬವನ್ನು ಓಡಿಬಂದು ಅಪ್ಪಿಕೊಂಡವನು ಲೆನಿನ್. ಗೊಂಬೆ ಇನ್ನೊಂದು ಕಡೆಗೆ ತೂಗಿತು. ಆ ಕಡೆ ವಾಷಿಂಗ್ಟನ್.

"ಇಳಿದು ಬಾ ದೊಡ್ಡಮ್ಮ" ಎಂದು ಲೆನಿನ್ ಕೆಳಗಿನಿಂದ ಹೇಳಿದ. ಅವನ ದನಿ ಸಣ್ಣ ಹುಡುಗನದಾಗಿತ್ತು. "ಮುಖ ಹೇಗಿರ್ಬೇಕು ಅಂತ ಆಮೇಲೆ ಮಾತಾಡೋಣ."

"ಆಮೇಲೆ ಏನೂ ಇಲ್ಲ. ಹಿಡಿಯೋದಾದ್ರೆ ಅವಳ ಮುಖ ನೋಡ್ಕೊಂಡು ಹಿಡೀರಿ. ಇಲ್ಲ ಅಂದ್ರೆ ಕಂಬ ಬಿಟ್ಟು ಮನೆಗೆ ಹೋಗ್ರೋ, ನಾನು ಬಿದ್ರೆ ಬೀಳ್ತೀನಿ."

ಇಬ್ಬರೂ ಕತ್ತೆತ್ತಿ ನೋಡಿದರು. ಕಂಬ ಬಿಡಲಿಲ್ಲ. ಮುದುಕಿಯರು ಮತ್ತೊಮ್ಮೆ ಎಳೆದರು. ತಲೆ ಕುತ್ತಿಗೆಯ ಮೇಲೆ ಕೂತಿತು. ಔರಿಸ್ತೇಲಾ ತಂತಿ ಬಿಗಿದು, ಇಳಿದು ಬಂದು, ಯಾರಿಗೂ ಥ್ಯಾಂಕ್ಸ್ ಹೇಳದೆ ಚಪ್ಪಲಿ ಹುಡುಕಿದಳು. ಒಂದು ಸಿಕ್ಕಲಿಲ್ಲ. ಅದನ್ನು ನಾಯಿ ಒಯ್ದಿತ್ತು.

ಬೇರೆ ಬೀದಿಗಳ ಜನ ಫೋಟೋ ತೆಗೆಸಿಕೊಳ್ಳಲು ಬಂದರು. ಅಭಿಮಾನಿಗಳು ಎಲ್ಲ ಕಡೆಯೂ ಇದ್ದಾರಲ್ಲ, ಬಂದವರು ಕತ್ತೆತ್ತಿ ನೋಡಿ ಗೊಂದಲಕ್ಕೆ ಬೀಳುತ್ತಿದ್ದರು. ಇದು ಯಾವ ಭಾಗದ ಇರ್ಸಾ ಎಂದು ಕೇಳಿದರೆ ಔರಿಸ್ತೇಲಾ ನಾಲ್ಕನೆಯದು ಎನ್ನುತ್ತಿದ್ದಳು. ಅದು ಬಂದೇ ಇಲ್ಲವಲ್ಲ ಎಂದು ಒಬ್ಬ ಕನ್ನಡಕದವನು ತರ್ಕಕ್ಕೆ ನಿಂತ. "ನಿಮ್ಮ ಬೀದಿಗೆ ಬಂದಿಲ್ಲದೇ ಇರಬಹುದು" ಎಂದು ವಾಷಿಂಗ್ಟನ್ ಹಿಂದಿನಿಂದ ಹೇಳಿದ. ಹೇಳಿದ ಮೇಲೆ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂದವನಂತೆ ಹೊರಟುಹೋದ.

ವರ್ಷದ ಕೊನೆಯ ದಿನ ಇನ್ನೊಂದು ರಗಳೆ. ಸುಡಬೇಕು ಎಂದು ಬೀದಿಯವರು. ಸುಡದ ಗೊಂಬೆ ಮನೆಗೆ ದರಿದ್ರ ಎಂದು ನಮ್ಮಲ್ಲಿ ನಂಬಿಕೆ, ನಾನೂ ನಂಬುತ್ತೇನೆ. ಔರಿಸ್ತೇಲಾ ನೀರು ತುಂಬಿದ ಬಕೆಟ್ ತಂದಳು. ಅದು ಯಾರೋ ಅಭಿಮಾನಿಯ ಕಪ್ಪು ಹೆಲ್ಮೆಟ್ಟೇ. ಇರ್ಸಾಳ ಬೂಟಿನ ಮೇಲೆ ಕೂತು, ಮುಗಿದ ವರ್ಷದ್ದನ್ನೆಲ್ಲ ಸುಡಿ, ಇವಳು ಇನ್ನೂ ಬರಬೇಕಾದವಳು, ಬರದೇ ಇರುವವಳನ್ನು ಹಳೆಯ ವರ್ಷ ಎಂದು ಹೇಗೆ ಸುಡುತ್ತೀರಿ ಎಂದು ಕೇಳಿದಳು. ಉಳಿದ ಗೊಂಬೆಗಳೆಲ್ಲ ಬೂದಿಯಾದವು. ಇರ್ಸಾ ಹೊಗೆಯ ನಡುವೆ ನಿಂತೇ ಇದ್ದಳು.

ಜನವರಿಯ ಮಳೆ ಶುರುವಾಯಿತು. ನಮ್ಮೂರ ಮಳೆ ಹನಿ ಹನಿಯಾಗಿ ಬೀಳುವುದಿಲ್ಲ, ಒಂದು ವರ್ಷ ಅದು ನನ್ನ ಬಸ್ಸನ್ನು ಎರಡು ನಿಲ್ದಾಣದಷ್ಟು ದೂರ ತೇಲಿಸಿ ಸಮಯಕ್ಕೆ ಸರಿಯಾಗಿ ತಲುಪಿಸಿತ್ತು. ಇರ್ಸಾಳ ಬಣ್ಣ ಮೊದಲು ಹೋಯಿತು. ತುಟಿ, ಹುಬ್ಬು, ಅಂಗಿಯ ತಾಮ್ರದ ಬಣ್ಣ, ಎಲ್ಲ ಚರಂಡಿ ಸೇರಿತು. ಗದ್ದದ ಗುರುತು ಮಾತ್ರ ಹೋಗಲಿಲ್ಲ, ಅದನ್ನು ಅವಳು ಬಣ್ಣದಲ್ಲಿ ಬರೆದಿರಲಿಲ್ಲ, ಕೊರೆದಿದ್ದಳು. ಬೆಳ್ಳಗಾದ ಮುಖದಲ್ಲಿ ಅದೊಂದೇ ಇನ್ನೂ ಚೆನ್ನಾಗಿ ಕಾಣತೊಡಗಿತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಇರ್ಸಾಳ ತಲೆಗೆ ದೊಡ್ಡ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿ, ಗದ್ದದ ಕೆಳಗೆ ಹಗ್ಗ ಕಟ್ಟಿತ್ತು. ಯಾರು ಹತ್ತಿ ಕಟ್ಟಿದರು? ಲೆನಿನ್‌ನನ್ನು ಕೇಳಿದರೆ ವಾಷಿಂಗ್ಟನ್ ಎಂದ. ವಾಷಿಂಗ್ಟನ್‌ನನ್ನು ಕೇಳಿದರೆ ಲೆನಿನ್ ಎಂದ. ಇಬ್ಬರ ಮೊಣಕೈಯಲ್ಲೂ ಬಿದಿರಿನ ಸಿಬಿರು ಚುಚ್ಚಿದ ಗಾಯ. ನಾನು ಇಬ್ಬರನ್ನೂ ನಂಬಿದೆ, ಅಷ್ಟು ಒಳ್ಳೆಯತನ ನನ್ನಲ್ಲಿದೆ.

ಔರಿಸ್ತೇಲಾ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಮೇಲೆ ನೋಡಿದಳು. ಲೋಟವನ್ನು ನನ್ನ ಕೈಗೆ ಕೊಟ್ಟು ಏಣಿ ತರಿಸಿದಳು. ಅಣ್ಣತಮ್ಮಂದಿರಿಬ್ಬರೂ ಬೇಡ ಎಂದರು, ಮಳೆ ಜೋರಾಗಿದೆ, ಹಾಳೆ ತೆಗೆದರೆ ಸಂಜೆಯೊಳಗೆ ಮುಖ ಕರಗಿಹೋಗುತ್ತದೆ, ಇಷ್ಟು ದಿನ ಅದಕ್ಕಾಗಿಯೇ ಜಗಳವಾಡಿದವಳು ನೀನೇ ಅಲ್ಲವೇ ಎಂದು ಅಂಗಲಾಚಿದರು. ಅವಳು ಹತ್ತುತ್ತಲೇ ಇದ್ದಳು. ಹಗ್ಗ ಬಿಚ್ಚಿ, ಕಪ್ಪು ಹಾಳೆಯನ್ನು ಎಳೆದು ಬೀದಿಗೆ ಎಸೆದಳು. ನೀರು ಇರ್ಸಾಳ ಹಣೆಯಿಂದ ಇಳಿದು, ಗುರುತಿನ ಕಾಲುವೆಯಲ್ಲಿ ಹರಿದು, ಗದ್ದದಿಂದ ತೊಟ್ಟಿಕ್ಕಿತು.

"ಮಳೆಗೆ ಹೆದರೋಳಾಗಿದ್ರೆ" ಎಂದು ಔರಿಸ್ತೇಲಾ ಮೇಲಿನಿಂದ ಕೂಗಿದಳು, "ಅವಳು ಹೆಲ್ಮೆಟ್ ತೆಗೀತಿದ್ಳೇನ್ರೋ?"